ಮರದ ಕಪ್‌ನ ಹೆಡ್‌ಫೋನ್: ಎಡಬಲದ ದನಿ ಸಮವಾಗಿದೆಯೇ?

ಕೇಳುಗರಿಗೆ ನಮಸ್ಕಾರ.

ಮರದ ಕಪ್ ಇರುವ ಹೆಡ್‌ಫೋನ್ ಅಂದ ಕೂಡಲೆ ಮಾತು ಮರದ ಜಾತಿಯ ಮೇಲೆ ಹೊರಳುತ್ತದೆ. ಸೋನಿಯವರು 1989ರಲ್ಲಿ ತಂದ ಎಂಡಿಆರ್-ಆರ್10ಗೆ ಝೆಲ್ಕೋವಾ ಮರ, ಗ್ರಾಡೋ ಆರ್‌ಎಸ್1ಗೆ ಮಹಾಗನಿ, ಯಾವುದರ ನಾದ ಇಂಪು ಎಂಬ ಚರ್ಚೆ ಮುಗಿಯುವುದೇ ಇಲ್ಲ. ದನಿಯ ಬಹುಪಾಲು ತೀರ್ಮಾನವಾಗುವುದು ಸದ್ದು ಹೊರಡಿಸುವ ಡ್ರೈವರ್, ಕಿವಿಗೆ ಒತ್ತುವ ಪ್ಯಾಡ್, ಕಪ್‌ನೊಳಗಿನ ಜಾಗ ಈ ಮೂರರಿಂದ. ಮರದ ವಿಷಯದಲ್ಲಿ ನಾನು ಮೊದಲು ಕೇಳುವ ಪ್ರಶ್ನೆ ಬೇರೆ: ಎರಡೂ ಕಪ್‌ಗಳು ಒಂದೇ ಅಳತೆಯಲ್ಲಿ ಉಳಿದಿವೆಯೇ?

ಏಕೆಂದರೆ ಮರ ಸುಮ್ಮನಿರುವ ವಸ್ತುವಲ್ಲ. ತೇವ ಹೀರಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಮರದ ಎಳೆಯ, ಅಂದರೆ ನಾರಿನ, ಉದ್ದಕ್ಕೆ ಈ ಬದಲಾವಣೆ ಲೆಕ್ಕಕ್ಕಿಲ್ಲದಷ್ಟು, ಎಳೆಗೆ ಅಡ್ಡಲಾಗಿ ಮಾತ್ರ ಸಾಕಷ್ಟು. ಮಹಾಗನಿಯಂಥ ಶಾಂತ ಸ್ವಭಾವದ ಮರದಲ್ಲೂ, ತೇವಾಂಶ ನಾಲ್ಕು ಶೇಕಡಾ ಏರಿಳಿದರೆ 80 ಮಿಲಿಮೀಟರ್ ಅಗಲದ ಕಪ್ ಒಂದು ದಿಕ್ಕಿನಲ್ಲಿ ಸುಮಾರು ಅರ್ಧ ಮಿಲಿಮೀಟರ್ ಬದಲಾಗುತ್ತದೆ. ದುಂಡಗೆ ಕಡೆದದ್ದು ಅಂಡಾಕಾರವಾಗುತ್ತದೆ. ಡ್ರೈವರ್ ಕೂರುವ ತಟ್ಟೆ ಅಂಚಿನಲ್ಲಿ ಸಂದು ಬಿಡುತ್ತದೆ, ಇಲ್ಲವೇ ಬಿಗಿದು ಬಾಗುತ್ತದೆ. ಸಂದಿನಿಂದ ಗಾಳಿ ಸೋರಿದರೆ ಆ ಬದಿಯ ತಗ್ಗುಸ್ವರ ಏರುಪೇರಾಗುತ್ತದೆ.

ಇದನ್ನು ತಿಳಿದ ಕುಶಲಕರ್ಮಿ ಎರಡೂ ಕಪ್‌ಗಳನ್ನು ಒಂದೇ ಹಲಗೆಯಿಂದ, ಎಳೆಯ ದಿಕ್ಕು ಒಂದೇ ಇರುವಂತೆ ತೆಗೆಯುತ್ತಾನೆ. ಲೇತಿನಲ್ಲಿ ಮೊದಲು ಸ್ವಲ್ಪ ದಪ್ಪವಾಗಿಯೇ ಕಡೆದು ಕೆಲವು ವಾರ ಬಿಡುತ್ತಾನೆ. ಸೊಟ್ಟಗಾಗುವುದೆಲ್ಲ ಆದ ಮೇಲೆ ಕೊನೆಯ ಅಳತೆಗೆ ತರುತ್ತಾನೆ. ಲ್ಯಾಕರನ್ನು ಹೊರಗಷ್ಟೇ ಅಲ್ಲ, ಒಳಗೂ ಬಳಿಯುತ್ತಾನೆ. ಹೊರಮೈ ಮಾತ್ರ ಮಿನುಗಿ ಒಳಮೈ ಬರಿದಾಗಿದ್ದರೆ ತೇವ ಒಂದೇ ಬದಿಯಿಂದ ಒಳಗೆ ಹೋಗಿ ಬರುತ್ತದೆ, ಸಣ್ಣ ಬಿರುಕು ಏಳುವುದು ಹೀಗೆ. ಕೊಳ್ಳುವಾಗ ಹೊರಗಿನ ಹೊಳಪು ನೋಡಿ ಮರುಳಾಗುವ ಬದಲು ಪ್ಯಾಡ್ ಬಿಚ್ಚಿ ಒಳಗೆ ಇಣುಕಿ. ಸ್ಕ್ರೂಗಳು ನೇರ ಮರಕ್ಕೇ ಕೊರೆದಿವೆಯೋ, ಮರದೊಳಗೆ ಕೂರಿಸಿದ ಹಿತ್ತಾಳೆಯ ನಟ್‌ಗಳಿಗೋ ನೋಡಿ. ಎಳೆಯ ತುದಿ ಕಾಣುವ ಕಡೆ ಮರಕ್ಕೇ ಹಾಕಿದ ಸ್ಕ್ರೂ ನಾಲ್ಕಾರು ಸಲ ಬಿಚ್ಚಿದರೆ ಹಿಡಿತ ಕಳೆದುಕೊಳ್ಳುತ್ತದೆ. ಮುಚ್ಚಿದ ಕಪ್‌ನಲ್ಲಿ ಗಾಳಿಗೆಂದು ಬಿಟ್ಟ ಸಣ್ಣ ರಂಧ್ರ ಇದ್ದರೆ ಎರಡೂ ಕಡೆ ತೆರೆದಿದೆಯೇ ನೋಡಿ. ಮತ್ತೆ ಪಾಲಿಶ್ ಮಾಡಿಸಿದ ಜೋಡಿಯಲ್ಲಿ ಒಂದು ಕಡೆಯ ರಂಧ್ರ ಲ್ಯಾಕರಿನಿಂದ ಮುಚ್ಚಿಕೊಂಡು, ಆ ಕಿವಿಯ ತಗ್ಗುಸ್ವರ ಬದಲಾಗಿರುವುದು ಅಪರೂಪವಲ್ಲ.

ಈಗ ಎಡಬಲದ ಸಮತೋಲ. ಪರೀಕ್ಷೆಗೆ ಹಾಡು ಬೇಡ. ಎರಡೂ ಚಾನೆಲ್‌ಗೆ ಒಂದೇ ಸಿಗ್ನಲ್ ಹೋಗುವ ಮೋನೋ ಪಿಂಕ್ ನಾಯ್ಸ್, ಅಂದರೆ ಎಲ್ಲ ಸ್ವರಗಳೂ ಬೆರೆತ ‘ಶ್’ ಎನ್ನುವ ಸದ್ದು, ಬೇಕು. ಸರಿಯಿದ್ದರೆ ಸದ್ದು ತಲೆಯ ನಟ್ಟನಡುವೆ ನಿಲ್ಲುತ್ತದೆ. ನಡುವೆ ನಿಲ್ಲದೆ ಎತ್ತಲೋ ಟೊಳ್ಳಾಗಿ ಹರಡಿದಂತೆ ಕೇಳಿದರೆ ಒಂದು ಡ್ರೈವರಿನ ತಂತಿಗಳು ಅದಲುಬದಲಾಗಿ ಬೆಸುಗೆಯಾಗಿವೆ ಎನ್ನಿ.

ಸದ್ದು ಎಡಕ್ಕೆ ವಾಲುತ್ತಿದೆ ಅಂದುಕೊಳ್ಳೋಣ. ಹೆಡ್‌ಫೋನನ್ನು ಹಿಂದುಮುಂದಾಗಿ ಹಾಕಿಕೊಳ್ಳಿ. ವಾಲಿಕೆ ಎಡದಲ್ಲೇ ಉಳಿದರೆ ಅದು ನಿಮ್ಮ ಕಿವಿಗಳ ವ್ಯತ್ಯಾಸ, ಹೆಡ್‌ಫೋನಿನ ತಪ್ಪಲ್ಲ. ಬಲಕ್ಕೆ ಹೋದರೆ ತಪ್ಪು ಹೆಡ್‌ಫೋನ್, ಕೇಬಲ್ ಅಥವಾ ಆಂಪ್ಲಿಫೈಯರಿನದು. ಇಲ್ಲಿ ಹಲವರು ಪ್ಲೇಯರಿನಲ್ಲಿ ಎಡಬಲ ಬದಲಿಸಿ ನೋಡುತ್ತಾರೆ. ಮೋನೋದಲ್ಲಿ ಎರಡೂ ಚಾನೆಲ್ ಒಂದೇ ಆದ್ದರಿಂದ ಅದರಿಂದ ಏನೂ ತಿಳಿಯದು. ಎರಡೂ ಕಪ್‌ಗೆ ಬೇರೆ ಬೇರೆ ಕೇಬಲ್ ಸಿಕ್ಕಿಸುವಂತಿದ್ದರೆ ಅವನ್ನೇ ಅದಲುಬದಲು ಮಾಡಿ, ಇಲ್ಲದಿದ್ದರೆ ಬೇರೊಂದು ಆಂಪ್ಲಿಫೈಯರಿಗೆ ಹಾಕಿ ನೋಡಿ. ವಾಲ್ಯೂಮ್ ಗುಂಡಿ ತೀರ ಕೆಳಗಿದ್ದಾಗ ಮಾತ್ರ ವಾಲಿಕೆ ಇದ್ದು, ಏರಿಸಿದಾಗ ಮಾಯವಾದರೆ ತಪ್ಪು ಗುಂಡಿಯದ್ದೇ.

ತಪ್ಪು ಹೆಡ್‌ಫೋನಿನಲ್ಲೇ ಇದ್ದರೆ ಯಾವ ಸ್ವರಕ್ಕೆ ವಾಲುತ್ತದೆ ಎಂಬುದು ಕಾರಣವನ್ನು ಹೇಳುತ್ತದೆ. 100 ಹರ್ಟ್ಸ್ ಕೆಳಗಿನ ತಗ್ಗುಸ್ವರದಲ್ಲಿ ಮಾತ್ರವಾದರೆ ಗಾಳಿಯ ಸೋರಿಕೆ: ತಗ್ಗಿದ ಪ್ಯಾಡ್, ಕನ್ನಡಕದ ಕಡ್ಡಿ, ತಟ್ಟೆಯ ಸಂದು. ಪ್ಯಾಡ್‌ಗಳನ್ನು ಎಡಬಲ ಬದಲಿಸಿದರೆ ಅರ್ಧ ಅನುಮಾನ ಅಲ್ಲೇ ತೀರುತ್ತದೆ. 500ರಿಂದ 2000 ಹರ್ಟ್ಸ್‌ವರೆಗೂ ಒಂದೇ ಸಮನೆ ವಾಲಿದರೆ ಡ್ರೈವರ್ ಅಥವಾ ಬೆಸುಗೆ. 8000 ಹರ್ಟ್ಸ್ ಮೇಲಿನದನ್ನು ನಂಬಬೇಡಿ, ಕಪ್ ಕಿವಿಯ ಮೇಲೆ ಒಂದೆರಡು ಮಿಲಿಮೀಟರ್ ಸರಿದರೂ ಅಲ್ಲಿ ಅಳತೆ ಬದಲಾಗುತ್ತದೆ. ಮಧ್ಯಸ್ವರದಲ್ಲಿ ವ್ಯತ್ಯಾಸ ಒಂದು ಡೆಸಿಬಲ್ ಒಳಗಿದ್ದರೆ ಜೋಡಿ ಚೆನ್ನಾಗಿದೆ. ಎರಡು ಡೆಸಿಬಲ್ ಆದರೆ ಗಾಯಕರು ಮಧ್ಯದಿಂದ ಜಾರಿ ನಿಲ್ಲುತ್ತಾರೆ.

ಬೆಸುಗೆಯನ್ನು ಮಲ್ಟಿಮೀಟರಿನಿಂದ ನೋಡಬಹುದು. ಹೆಡ್‌ಫೋನನ್ನು ಕಿವಿಯಿಂದ ತೆಗೆದು, ಪ್ಲಗ್ಗನ್ನು ಹೊರಗೆಳೆಯಿರಿ. ಪ್ಲಗ್ಗಿನ ತುದಿ ಎಡ, ನಡುವಿನ ಬಳೆ ಬಲ, ಬುಡ ಎರಡಕ್ಕೂ ಸೇರಿದ್ದು. ತುದಿಗೂ ಬುಡಕ್ಕೂ ನಡುವೆ, ಬಳೆಗೂ ಬುಡಕ್ಕೂ ನಡುವೆ ಎಷ್ಟು ಓಮ್ ಎಂದು ಅಳೆದು ಹೋಲಿಸಿ. 32 ಓಮ್ ಡ್ರೈವರಿಗೆ ಒಂದು ಕಡೆ ಒಂದು ಓಮ್ ಹೆಚ್ಚಾದರೆ ಕಾಲು ಡೆಸಿಬಲ್ ಇಳಿಯುತ್ತದೆ, ಅದು ಕಿವಿಗೆ ತಟ್ಟದು. ನಾಲ್ಕು ಓಮ್ ಹೆಚ್ಚಾದರೆ ಒಂದು ಡೆಸಿಬಲ್. ಅಳೆಯುವಾಗ ಕೇಬಲ್ ಅಲುಗಾಡಿಸಿ, ಅಂಕಿ ಕುಣಿದರೆ ಬೆಸುಗೆ ಸಡಿಲ.

ಅಂಕಿಗಳು ಸರಿಯಿದ್ದೂ ವಾಲಿಕೆ ಉಳಿದರೆ ಎರಡು ಡ್ರೈವರ್‌ಗಳನ್ನು ಕಪ್ ಬದಲಿಸಿ ಹಾಕಿ. ದೋಷ ಡ್ರೈವರಿನ ಜೊತೆ ಹೋದರೆ ಡ್ರೈವರಿನದು, ಕಪ್‌ನಲ್ಲೇ ಉಳಿದರೆ ಮರದ್ದು ಅಥವಾ ಒಳಗಿನ ಫೆಲ್ಟಿನದು. ಈ ಕೆಲಸದಲ್ಲಿ ಒಂದು ಅಪಾಯವಿದೆ. ಡ್ರೈವರಿನ ಅಯಸ್ಕಾಂತ ಬೆಸುಗೆ ಕಡ್ಡಿಯನ್ನೂ ಸ್ಕ್ರೂಡ್ರೈವರನ್ನೂ ಸೆಳೆದು ತೆಳುವಾದ ಪೊರೆಗೆ ತೂತು ಮಾಡಿಬಿಡಬಹುದು. ಪೊರೆಯ ಕಡೆಗೆ ಗಟ್ಟಿ ರಟ್ಟು ಮುಚ್ಚಿಕೊಂಡೇ ಕೆಲಸ ಮಾಡಿ. ಡ್ರೈವರ್‌ಗಳೇ ಹೊಂದದಿದ್ದರೆ ಜೋರಾದ ಬದಿಗೆ ರೆಸಿಸ್ಟರ್ ಹಾಕುವ ಆಸೆ ಬರುತ್ತದೆ. ಡ್ರೈವರಿನ ವಿದ್ಯುತ್ ಅಡ್ಡಿ (ಇಂಪೀಡೆನ್ಸ್) ಎಲ್ಲ ಸ್ವರಕ್ಕೂ ಒಂದೇ ಇರುವುದಿಲ್ಲವಾದ್ದರಿಂದ ಮಧ್ಯಸ್ವರ ಸರಿಹೋದರೂ ತಗ್ಗುಸ್ವರ ಹೊಂದದೆ ಉಳಿಯುತ್ತದೆ. ಅದಕ್ಕಿಂತ ಪ್ಲೇಯರಿನ ಬ್ಯಾಲೆನ್ಸ್ ಒಂದಿಷ್ಟು ಸರಿಸಿಕೊಳ್ಳುವುದು ವಾಸಿ. ಹೊಸ ಡ್ರೈವರ್ ತರಿಸುವುದಾದರೆ ಒಂದನ್ನಲ್ಲ, ಅಳೆದು ಹೊಂದಿಸಿದ ಜೋಡಿಯನ್ನೇ ಕೇಳಿ ತರಿಸಿ.

ನಮಸ್ಕಾರ.