ನನ್ನ ಓಟು ಎದುರಾಳಿಗೆ

1970ರ ಮಾರ್ಚ್ 24ರಂದು ಟೋಕಿಯೊದ ದೊಡ್ಡ ಪ್ರಕಾಶನ ಸಂಸ್ಥೆಯೊಂದರಲ್ಲಿ ಒಬ್ಬ ಬಾಕ್ಸರನ ಅಂತ್ಯಕ್ರಿಯೆ ನಡೆಯಿತು. ಸುಮಾರು 700 ಜನ ಬಂದಿದ್ದರು. ಸಭಾಂಗಣದೊಳಗೆ ಬಾಕ್ಸಿಂಗ್ ರಿಂಗ್ ಕಟ್ಟಿದ್ದರು. ಬೌದ್ಧ ಅರ್ಚಕರು ಸೂತ್ರ ಪಠಿಸಿದರು. ಎಲ್ಲವೂ ಕ್ರಮಪ್ರಕಾರವೇ ನಡೆಯಿತು, ಶವವೊಂದನ್ನು ಬಿಟ್ಟು. ತೋರು ರಿಕಿಶಿ ಎಂಬ ಆ ಬಾಕ್ಸರ್ ಸತ್ತದ್ದೇನೋ ನಿಜ, ಆದರೆ ಅವನು ಹುಟ್ಟಿಯೇ ಇರಲಿಲ್ಲ. ‘ಆಶಿತಾ ನೋ ಜೋ’ ಎಂದು ವಾರಪತ್ರಿಕೆಯಲ್ಲಿ ಬರುತ್ತಿದ್ದ ಮಾಂಗಾ (ಜಪಾನಿ ಕಾಮಿಕ್ಸ್) ಧಾರಾವಾಹಿಯ ಪಾತ್ರ ಅವನು. ಕವಿ, ನಾಟಕಕಾರ ಶೂಜಿ ತೆರಯಾಮಾ ಮುಂದೆ ನಿಂತು ಈ ಅಂತ್ಯಕ್ರಿಯೆ ಮಾಡಿಸಿದರು. ಇದಾದ ಒಂದೇ ವಾರಕ್ಕೆ ಅದೇ ಕಥೆ ಟಿವಿಯಲ್ಲೂ ಶುರುವಾಯಿತು.

ಈ ಪ್ರಸಂಗವನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ, ಅಭಿಮಾನವೆಂದರೆ ಹೀಗಿರಬೇಕು ಎಂದು ತಲೆದೂಗುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಒಂದು ಸಂಗತಿ. ರಿಕಿಶಿ ಆ ಕಥೆಯ ನಾಯಕನಲ್ಲ. ನಾಯಕ ಜೋ ಯಾಬುಕಿ, ಶೀರ್ಷಿಕೆಯಲ್ಲಿರುವುದೂ ಅವನ ಹೆಸರೇ. ರಿಕಿಶಿ ಅವನ ಎದುರಾಳಿ. ಆ 700 ಜನ ಅತ್ತದ್ದು ನಾಯಕನಿಗೆ ಹೊಡೆದವನಿಗಾಗಿ.

ಸಿನಿಮಾ, ಟಿವಿಯಲ್ಲಿ ಮರೆಯಲಾಗದ ಕಾಲ್ಪನಿಕ ಕ್ರೀಡಾಪಟುಗಳು ಯಾರು ಎಂಬ ಪ್ರಶ್ನೆ ಬಂದಾಗಲೆಲ್ಲ ನಾಯಕರ ಹೆಸರುಗಳ ಮೆರವಣಿಗೆಯೇ ಹೊರಡುತ್ತದೆ. ನಾನು ಇವತ್ತು ಎದುರು ದಿಕ್ಕಿನಿಂದ ಬರುತ್ತಿದ್ದೇನೆ. ನಾಯಕನ ಪರವಾಗಿ ಕಥೆಗಾರನೇ ಆಡುತ್ತಿರುತ್ತಾನೆ. ಅವನು ಬಿದ್ದರೆ ಏಳುತ್ತಾನೆ, ಎದ್ದರೆ ಸಂಗೀತ ಬರುತ್ತದೆ, ಇದು ನಮಗೆ ಟಿಕೆಟ್ ಕೊಳ್ಳುವಾಗಲೇ ಗೊತ್ತು. ಎದುರಾಳಿಗೆ ಅಂಥ ಬೆಂಬಲವಿಲ್ಲ. ಅವನು ನಾಯಕನೊಂದಿಗೂ ಕಾದಬೇಕು, ಕಥೆಗಾರನೊಂದಿಗೂ ಕಾದಬೇಕು. ಹಾಗಿದ್ದೂ ನಮ್ಮ ಮನಸ್ಸಿನಲ್ಲಿ ಜಾಗ ಹಿಡಿದನೆಂದರೆ, ಅದು ಅವನ ಸ್ವಂತ ದುಡಿಮೆ.

ಇದೇನೂ ಹೊಸ ಸಂಗತಿಯಲ್ಲ. ರನ್ನ ಸಾಹಸಭೀಮನ ವಿಜಯವನ್ನು ಹೇಳುತ್ತೇನೆಂದು ಹೊರಟ. ಇಷ್ಟು ಶತಮಾನಗಳ ನಂತರವೂ ಓದುಗರ ಕಣ್ಣೆದುರು ನಿಲ್ಲುವವನು ವೈಶಂಪಾಯನ ಸರೋವರದ ದಾರಿಯಲ್ಲಿ ಒಬ್ಬೊಬ್ಬರ ಹೆಣವನ್ನೂ ಕಂಡು ಮರುಗುತ್ತಾ ನಡೆಯುವ ದುರ್ಯೋಧನ. ಹೊಗಳಿಸಿಕೊಳ್ಳಬೇಕಾದವನು ಒಬ್ಬ, ನೆನಪಿನಲ್ಲಿ ಉಳಿದವನು ಇನ್ನೊಬ್ಬ.

ರಿಕಿಶಿಯ ವಿಷಯವನ್ನು ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ಆ ಪಾತ್ರ ದೊಡ್ಡದಾದದ್ದು ಒಂದು ಎಡವಟ್ಟಿನಿಂದ. ಚಿತ್ರಕಾರ ತೆತ್ಸುಯಾ ಚಿಬಾ ಮೊದಲು ಅವನನ್ನು ಜೋಗಿಂತ ಬಹಳ ಎತ್ತರದ ಆಳಾಗಿ ಬರೆದುಬಿಟ್ಟರು. ಬಾಕ್ಸಿಂಗ್‌ನಲ್ಲಿ ತೂಕದ ವಿಭಾಗಗಳಿವೆ; ಅಷ್ಟು ವ್ಯತ್ಯಾಸವಿರುವ ಇಬ್ಬರು ಅಧಿಕೃತವಾಗಿ ಒಂದೇ ರಿಂಗ್‌ಗೆ ಇಳಿಯುವಂತಿಲ್ಲ. ಆದರೆ ಕಥೆಗೆ ಅವರಿಬ್ಬರ ಕಾಳಗ ಬೇಕೇ ಬೇಕು. ಉಳಿದ ದಾರಿ ಒಂದೇ. ರಿಕಿಶಿ ತನ್ನ ದೇಹವನ್ನು ಜೋನ ತೂಕಕ್ಕೆ ಇಳಿಸಬೇಕು. ಅವನು ಅನ್ನ ಬಿಟ್ಟ, ಆಮೇಲೆ ನೀರನ್ನೂ ಬಿಟ್ಟ. ಬಾಯಾರಿಕೆ ತಡೆಯಲಾರದೆ ರಾತ್ರಿ ನಲ್ಲಿಯ ಬಳಿಗೆ ತೆವಳಿಕೊಂಡು ಹೋದರೆ, ನಲ್ಲಿಗಳಿಗೆಲ್ಲ ತಂತಿ ಬಿಗಿದಿದೆ. ಅವನ ಬೆಂಬಲಕ್ಕೆ ನಿಂತ ಶ್ರೀಮಂತ ಯುವತಿ ಯೋಕೊ ಕರಗಿ ಒಂದು ಲೋಟ ಬಿಸಿನೀರು ತಂದುಕೊಡುತ್ತಾಳೆ. ಅವನು ಅದನ್ನು ಕೈಗೆ ತೆಗೆದುಕೊಳ್ಳುತ್ತಾನೆ, ಕೃತಜ್ಞತೆ ಹೇಳುತ್ತಾನೆ, ಆಮೇಲೆ ನೆಲಕ್ಕೆ ಸುರಿಯುತ್ತಾನೆ. ಕ್ರೀಡೆಯ ಕಥೆಗಳಲ್ಲಿ ನಾನು ಕಂಡ ಅತ್ಯಂತ ಕಠಿಣ ದೃಶ್ಯ ಇದು, ಇದರಲ್ಲಿ ಒಂದು ಏಟೂ ಇಲ್ಲ. ಕಾಳಗದಲ್ಲಿ ಗೆದ್ದದ್ದೂ ರಿಕಿಶಿಯೇ. ಸೋತ ಜೋ ಕೈ ಚಾಚಿದ, ಆ ಕೈಯನ್ನು ಹಿಡಿಯಲು ಬಂದ ರಿಕಿಶಿ ಅಲ್ಲೇ ಕುಸಿದ. ಒಬ್ಬ ಮನುಷ್ಯನನ್ನು ಸೋಲಿಸಲು ಇಷ್ಟೆಲ್ಲ ತೆರಬೇಕಾಯಿತು ಎಂದರೆ ಆ ಮನುಷ್ಯನಿಗೆ ಅದಕ್ಕಿಂತ ದೊಡ್ಡ ಗೌರವ ಯಾವುದು? ಜೋನನ್ನು ಜೋ ಮಾಡಿದವನು ರಿಕಿಶಿ.

ಈಗ ರಾಕಿಗೆ ಬರೋಣ, ಬರದೆ ಇರಲು ಸಾಧ್ಯವೇ? 1976ರ ಆ ಚಿತ್ರದ ಬೀಜ 1975ರ ಮಾರ್ಚ್‌ನಲ್ಲಿ ನಡೆದ ನಿಜವಾದ ಕಾಳಗ. ಚಕ್ ವೆಪ್ನರ್ ಎಂಬ, ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳದ ಬಾಕ್ಸರ್ ಮುಹಮ್ಮದ್ ಅಲಿಯ ಎದುರು ಹದಿನೈದನೆಯ, ಕೊನೆಯ ಸುತ್ತು ಮುಗಿಯಲು ಕೆಲವೇ ಕ್ಷಣ ಉಳಿದಿರುವವರೆಗೂ ನಿಂತ. ಅದನ್ನು ನೋಡಿದ ಸಿಲ್ವೆಸ್ಟರ್ ಸ್ಟಲೋನ್ ಚಿತ್ರಕಥೆ ಬರೆದರು. ರಾಕಿಯ ಬಗ್ಗೆ ಎಲ್ಲರೂ ಮಾತನಾಡಿದ್ದಾರೆ. ನನ್ನ ಕಣ್ಣು ಅವನ ಎದುರಾಳಿ, ಚಾಂಪಿಯನ್ ಅಪೊಲೊ ಕ್ರೀಡ್ ಮೇಲೆ. ಆ ಪಾತ್ರ ಮಾಡಿದ ಕಾರ್ಲ್ ವೆದರ್ಸ್ ಅದಕ್ಕೂ ಮೊದಲು ಓಕ್‌ಲೆಂಡ್ ರೇಡರ್ಸ್ ತಂಡಕ್ಕೆ ಅಮೆರಿಕನ್ ಫುಟ್‌ಬಾಲ್ ಆಡಿದ್ದವರು. ಸಿನಿಮಾದಲ್ಲಿ ಸಣ್ಣದೊಂದು ದೃಶ್ಯವಿದೆ. ರಾಕಿ ಮಾಂಸದ ಗೋದಾಮಿನಲ್ಲಿ ತೂಗುಹಾಕಿದ ಮಾಂಸಕ್ಕೆ ಗುದ್ದುತ್ತಿರುವುದು ಟಿವಿಯಲ್ಲಿ ಬರುತ್ತಿದೆ. ಅಪೊಲೊನ ತರಬೇತುದಾರ ಗಾಬರಿಯಿಂದ ಪರದೆಯನ್ನೇ ನೋಡುತ್ತಾ, ಇಲ್ಲಿ ನೋಡು, ಇವನು ಗಂಭೀರವಾಗಿದ್ದಾನೆ ಎಂಬಂತೆ ಕರೆಯುತ್ತಾನೆ. ಅಪೊಲೊಗೆ ಪುರುಸೊತ್ತಿಲ್ಲ, ವ್ಯವಹಾರದ ಮಾತಿನಲ್ಲಿ ಮುಳುಗಿದ್ದಾನೆ. ಅವನು ಕೆಟ್ಟವನಲ್ಲ, ಹೊಟ್ಟೆಕಿಚ್ಚಿನವನೂ ಅಲ್ಲ. ತನ್ನ ಮೇಲೆ ತನಗಿರುವ ಅತಿನಂಬಿಕೆಯೇ ಅವನ ಏಕೈಕ ದೋಷ, ಅದೂ ಗೆದ್ದು ಗೆದ್ದು ಗಳಿಸಿದ ನಂಬಿಕೆ. ಮೊದಲ ಚಿತ್ರದಲ್ಲಿ ತೀರ್ಪು ಅವನ ಕಡೆಗೇ ಬರುತ್ತದೆ, ಆದರೆ ಗೆದ್ದವನ ನೆಮ್ಮದಿ ಮಾತ್ರ ಬರುವುದಿಲ್ಲ. ಎರಡನೆಯ ಚಿತ್ರ ಶುರುವಾಗುವುದೇ ಈ ತಳಮಳದಿಂದ. ಗೆದ್ದರೂ ಗೆದ್ದಂತೆ ಅನಿಸದವನ ಸಂಕಟ, ಸೋತವನ ಸಂಕಟಕ್ಕಿಂತ ನನಗೆ ಕುತೂಹಲಕರ.

ರಾಕಿಯ ಮಾತು ಬಂದ ಮೇಲೆ ಜೋ ಫ್ರೇಜಿಯರ್‌ನನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. ಅವನು ಕಾಲ್ಪನಿಕನಲ್ಲ, ಫಿಲಡೆಲ್ಫಿಯಾದ ನಿಜವಾದ ಹೆವಿವೇಟ್ ಚಾಂಪಿಯನ್, ಅಲಿಯ ಬದುಕಿನ ಅತಿ ದೊಡ್ಡ ಎದುರಾಳಿ. ರಾಕಿ ಮಾಂಸಕ್ಕೆ ಗುದ್ದುವುದು, ಫಿಲಡೆಲ್ಫಿಯಾದ ಕಲಾ ವಸ್ತುಸಂಗ್ರಹಾಲಯದ ಮೆಟ್ಟಿಲುಗಳನ್ನು ಓಡಿ ಹತ್ತುವುದು ತನ್ನ ಬದುಕಿನಿಂದ ಎತ್ತಿಕೊಂಡದ್ದು ಎಂದು ಅವನು ಹೇಳುತ್ತಿದ್ದ. ಮೊದಲ ಚಿತ್ರದ ಕಾಳಗಕ್ಕೆ ಮುಂಚೆ ರಿಂಗ್‌ನಲ್ಲಿ ಒಂದು ಕ್ಷಣ ಬಂದು ಹೋಗುವ ಅತಿಥಿಯೂ ಅವನೇ. ಮೂರನೆಯ ಚಿತ್ರಕ್ಕಾಗಿ ಮಾಡಿಸಿದ ರಾಕಿಯ ಕಂಚಿನ ಪ್ರತಿಮೆ ಆ ಊರಿನ ಹೆಗ್ಗುರುತಾಯಿತು. ಫ್ರೇಜಿಯರ್ 2011ರಲ್ಲಿ ತೀರಿಕೊಂಡ. ಅವನ ಪ್ರತಿಮೆ ಅಲ್ಲಿ ನಿಂತದ್ದು 2015ರಲ್ಲಿ. ಹುಟ್ಟದವನು ಮೊದಲು, ಹುಟ್ಟಿದವನು ಆಮೇಲೆ. ನಿಜಜೀವನದಲ್ಲಿ ಎದುರಾಳಿಯಾಗಿ ನಿಂತವರಿಗೆ ಸಿಗುವ ಮರ್ಯಾದೆ ಇಷ್ಟೇ ಏನೋ.

ಕೆಟ್ಟ ಕ್ರೀಡಾಚಿತ್ರವನ್ನು ಪತ್ತೆ ಹಚ್ಚುವ ನನ್ನ ವಿಧಾನ ಸರಳ. ಸಿನಿಮಾ ಮುಗಿದ ಮೇಲೆ ಎದುರಾಳಿ ತಂಡದ ಒಬ್ಬ ಆಟಗಾರನ ಹೆಸರು ಹೇಳಲು ಪ್ರಯತ್ನಿಸಿ. ನಾನು ಬಹಳ ಮೆಚ್ಚುವ ‘ಚಕ್ ದೇ ಇಂಡಿಯಾ’ ಕೂಡ ಈ ಪರೀಕ್ಷೆಯಲ್ಲಿ ಎಡವುತ್ತದೆ. ಆಸ್ಟ್ರೇಲಿಯಾದ ತಂಡಕ್ಕೆ ಅಲ್ಲಿ ಮುಖವಿಲ್ಲ, ಬಣ್ಣದ ಅಂಗಿ ಮಾತ್ರ ಇದೆ. ಆದರೆ ಆ ಚಿತ್ರ ಜಾಣತನದಿಂದ ಎದುರಾಳಿಯನ್ನು ತಂಡದೊಳಗೇ ಹುಟ್ಟಿಸಿಕೊಂಡಿದೆ. ಹೆಚ್ಚು ಗೋಲು ಯಾರದೆಂಬ ಜಿದ್ದಿಗೆ ಬಿದ್ದ ಕೋಮಲ್ ಚೌಟಾಲಾ ಮತ್ತು ಪ್ರೀತಿ ಸಭರ್‌ವಾಲ್ ಒಬ್ಬರಿಗೊಬ್ಬರು ಚೆಂಡು ಕೊಡುವುದಿಲ್ಲ. ಫೈನಲ್‌ನಲ್ಲಿ ಕೋಮಲ್ ಚೆಂಡನ್ನು ಪ್ರೀತಿಗೆ ಬಿಟ್ಟುಕೊಡುತ್ತಾಳಲ್ಲ, ಆ ಒಂದು ಪಾಸ್‌ಗಾಗಿ ನಾವು ಅಷ್ಟು ಹೊತ್ತು ಕಾದು ಕುಳಿತಿರುತ್ತೇವೆ.

‘ಲಗಾನ್’ ಬಗ್ಗೆಯೂ ಇದೇ ದೂರು ಹೇಳೋಣವೆಂದುಕೊಂಡಿದ್ದೆ. ಕ್ಯಾಪ್ಟನ್ ರಸೆಲ್ ಮೂರು ಪಟ್ಟು ಕಂದಾಯದ ದರ್ಪಕ್ಕೆ ನೆನಪಿರುತ್ತಾನೆಯೇ ಹೊರತು ಕ್ರಿಕೆಟಿಗನಾಗಿ ಅಲ್ಲ ಎಂದು. ಬರೆಯುತ್ತಾ ಬರೆಯುತ್ತಾ ಕೊನೆಯ ಚೆಂಡು ನೆನಪಾಯಿತು. ಭುವನ್ ಎತ್ತಿ ಹೊಡೆದ ಚೆಂಡನ್ನು ರಸೆಲ್ ಹಿಡಿಯುತ್ತಾನೆ. ಚೆನ್ನಾಗಿಯೇ ಹಿಡಿಯುತ್ತಾನೆ. ಸಂಭ್ರಮಿಸುತ್ತಾನೆ. ಆಮೇಲೆ ಕಾಲ ಕೆಳಗೆ ನೋಡಿದರೆ ಗಡಿರೇಖೆ ದಾಟಿ ನಿಂತಿದ್ದಾನೆ. ಆ ಮೂರು ಕ್ಷಣ ಅವನು ಖಳನಾಯಕನಲ್ಲ, ಅಪ್ಪಟ ಕ್ರೀಡಾಪಟು. ದೂರನ್ನು ಅರ್ಧ ಹಿಂತೆಗೆದುಕೊಂಡಿದ್ದೇನೆ.

ಇನ್ನು ಡ್ಯಾನ್ಸಿಂಗ್ ರೋಸ್. 2021ರ ತಮಿಳು ಬಾಕ್ಸಿಂಗ್ ಚಿತ್ರ ‘ಸಾರ್ಪಟ್ಟ ಪರಂಬರೈ’ ನೋಡಿದವರಿಗೆ ಈ ಹೆಸರು ಕೇಳಿದರೆ ಸಾಕು, ಭುಜ ತಾನಾಗಿ ಕುಣಿಯುತ್ತದೆ. ಕಥೆಯ ನಾಯಕ ಕಬಿಲನ್, ಕೊನೆಗೆ ಎದುರಾಗುವವನು ವೇಂಬುಲಿ. ಇವರ ನಡುವೆ ಬಂದು ಹೋಗುವವನು ರೋಸ್. ಕೈ ಕೆಳಗೆ ಬಿಟ್ಟು, ಸೊಂಟ ಬಳುಕಿಸಿ, ಏಟು ಎಲ್ಲಿಂದ ಬಂತೆಂದು ತಿಳಿಯದಂತೆ ಹೊಡೆಯುವ ಅವನ ಆಟ ನಿಜಜೀವನದ ನಸೀಮ್ ಹಮೀದ್‌ನನ್ನು ನೆನಪಿಸುತ್ತದೆ. ಶಬೀರ್ ಕಲ್ಲರಕ್ಕಲ್ ಎಂಬ ನಟ ಆ ಒಂದು ಕಾಳಗದಲ್ಲಿ ಇಡೀ ಚಿತ್ರವನ್ನು ಕಿಸೆಗೆ ಹಾಕಿಕೊಂಡು ಹೋದರು. ರೋಸ್ ಸೋಲುತ್ತಾನೆ, ಸೋಲಲೇಬೇಕು, ಕಥೆ ಹಾಗಿದೆ. ಆದರೆ ಅವನು ಯಾರನ್ನೂ ದ್ವೇಷಿಸದೆ ಆಡುತ್ತಾನೆ. ಚಿತ್ರ ಬಂದ ದಿನಗಳಲ್ಲಿ ಜನ ಅನುಕರಿಸಿದ್ದು ಗೆದ್ದವನ ಹೆಜ್ಜೆಯನ್ನಲ್ಲ, ಅವನ ಹೆಜ್ಜೆಯನ್ನು.

ಹಾಸ್ಯಚಿತ್ರಗಳಲ್ಲೂ ಇಂಥವರಿದ್ದಾರೆ. ‘ಹ್ಯಾಪಿ ಗಿಲ್ಮೋರ್’ನ ಶೂಟರ್ ಮೆಕ್‌ಗ್ಯಾವಿನ್ ದುರಹಂಕಾರಿ, ಒಪ್ಪುತ್ತೇನೆ. ಆದರೂ ಜೀವಮಾನವಿಡೀ ಗಾಲ್ಫ್ ಕಲಿತವನ ಎದುರು ಐಸ್ ಹಾಕಿಯಿಂದ ಬಂದ ಒರಟನೊಬ್ಬ ಓಡಿ ಬಂದು ಚೆಂಡು ಬೀಸಿ ಗೆಲ್ಲುತ್ತಾನೆಂದರೆ, ನನಗೆ ಗುಟ್ಟಾಗಿ ಶೂಟರ್ ಮೇಲೆಯೇ ಕನಿಕರ.

ಎದುರಾಳಿಗೆ ಪೂರ್ತಿ ನ್ಯಾಯ ಸಿಕ್ಕಿದ್ದು ಟಿವಿಯಲ್ಲಿ, ಅಲ್ಲಿ ಕಾಲಾವಕಾಶ ಇದೆಯಲ್ಲ. 1984ರ ‘ಕರಾಟೆ ಕಿಡ್’ನಲ್ಲಿ ಜಾನಿ ಲಾರೆನ್ಸ್ ಹೊಂಬಣ್ಣದ ಕೂದಲಿನ ಪುಂಡ, ಅಷ್ಟೇ. ಆದರೆ ವಿಲಿಯಂ ಝಬ್ಕಾ ಆ ಪಾತ್ರದೊಳಗೆ ಸಣ್ಣದೊಂದು ಬಿರುಕು ಬಿಟ್ಟಿದ್ದರು. ಗಾಯಗೊಂಡ ಕಾಲಿಗೇ ಹೊಡೆ ಎಂದು ಗುರು ಹೇಳಿದಾಗ ಅವನ ಮುಖ ಪೆಚ್ಚಾಗುತ್ತದೆ. ಸೋತ ಮೇಲೆ ಪ್ರಶಸ್ತಿಯನ್ನು ತಾನೇ ಎತ್ತಿ ನಾಯಕ ಡೇನಿಯಲ್ ಕೈಗೆ ಕೊಡುತ್ತಾನೆ. 34 ವರ್ಷಗಳ ನಂತರ ‘ಕೋಬ್ರಾ ಕೈ’ ಎಂಬ ಸರಣಿ ಆ ಬಿರುಕಿನೊಳಕ್ಕೇ ಇಳಿಯಿತು. ಒಂದು ಒದೆತಕ್ಕೆ ಸೋತವನು ಆಮೇಲೆ ಹೇಗೆ ಬದುಕಿದ, ಕುಡಿದ, ಮಗನನ್ನು ಹೇಗೆ ಕಳೆದುಕೊಂಡ, ಗೆದ್ದವನ ಮುಖವನ್ನು ಕಾರು ಮಾರಾಟದ ಜಾಹೀರಾತು ಫಲಕದಲ್ಲಿ ದಿನವೂ ಹೇಗೆ ನೋಡಬೇಕಾಯಿತು ಎಂದೆಲ್ಲ ಆರು ಆವೃತ್ತಿಗಳಲ್ಲಿ ತೋರಿಸಿತು. ಮೂಲ ಚಿತ್ರವನ್ನು ಈಗ ನೋಡಿದರೆ ಯಾರ ಪಕ್ಷ ವಹಿಸಬೇಕೆಂದು ಕಸಿವಿಸಿಯಾಗುತ್ತದೆ. ಆ ಕಸಿವಿಸಿ ನನಗಿಷ್ಟ.

ಎದುರಾಳಿ ಸ್ವಂತ ತಂಗಿಯೇ ಆಗಿದ್ದರೆ? 1992ರ ‘ಎ ಲೀಗ್ ಆಫ್ ದೇರ್ ಓನ್’ ಎಂಬ ಬೇಸ್‌ಬಾಲ್ ಚಿತ್ರದಲ್ಲಿ ಅಕ್ಕ ಡಾಟಿ ಬ್ಯಾಟಿನ ಹಿಂದೆ ನಿಂತು ಚೆಂಡು ಹಿಡಿಯುವ ಕ್ಯಾಚರ್, ತಂಗಿ ಕಿಟ್ ಈಗ ಎದುರು ತಂಡದಲ್ಲಿ. ನಿರ್ಣಾಯಕ ಪಂದ್ಯದಲ್ಲಿ ತಂಗಿಯ ದೌರ್ಬಲ್ಯ ಎಸೆತಗಾರ್ತಿಗೆ ತಿಳಿಸುವವಳು ಡಾಟಿಯೇ: ಎತ್ತರದ ಚೆಂಡು ಹಾಕು, ಅವಳಿಗೆ ಹೊಡೆಯಲೂ ಬರುವುದಿಲ್ಲ, ಬಿಡಲೂ ಬರುವುದಿಲ್ಲ. ಕಿಟ್ ಅದನ್ನೇ ಹೊಡೆದು, ನಿಲ್ಲು ಎಂಬ ಸೂಚನೆಯನ್ನೂ ಲೆಕ್ಕಿಸದೆ ಓಡಿ ಬಂದು ಅಕ್ಕನಿಗೆ ಡಿಕ್ಕಿ ಹೊಡೆಯುತ್ತಾಳೆ. ಡಾಟಿಯ ಕೈಯಿಂದ ಚೆಂಡು ಜಾರುತ್ತದೆ. ಬೇಕೆಂದೇ ಬಿಟ್ಟಳೇ? ಮೂವತ್ತು ವರ್ಷಗಳಿಂದ ಜನ ಈ ಪ್ರಶ್ನೆಯ ಮೇಲೆ ಜಗಳವಾಡುತ್ತಿದ್ದಾರೆ. ಬಿಡಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಬಿಟ್ಟಳು ಎಂದರೆ ಅಕ್ಕ ದೊಡ್ಡವಳಾಗುತ್ತಾಳೆ, ನಿಜ, ಆದರೆ ತಂಗಿ ಒಂದು ಜೀವಮಾನ ಬೆವರು ಸುರಿಸಿ ಗಳಿಸಿದ ಒಂದೇ ಒಂದು ಗೆಲುವನ್ನು ನಾವು ಅವಳಿಂದ ಕಸಿದುಕೊಂಡಂತಾಗುತ್ತದೆ.

2022ರ ‘ದ ಫಸ್ಟ್ ಸ್ಲ್ಯಾಮ್ ಡಂಕ್’ನಲ್ಲಿ ಎದುರಾಳಿ ಸನ್ನೋ ತಂಡದ ಸವಾಕಿತಾ ಎಂಬ ಹುಡುಗನಿದ್ದಾನೆ. ಅವನಷ್ಟು ಚೆನ್ನಾಗಿ ಬಾಸ್ಕೆಟ್‌ಬಾಲ್ ಆಡುವ ಹೈಸ್ಕೂಲು ಹುಡುಗ ಜಪಾನಿನಲ್ಲೇ ಇನ್ನೊಬ್ಬನಿಲ್ಲ. ದೇಗುಲಕ್ಕೆ ಹೋಗಿ, ನನಗೆ ಇನ್ನೂ ಬೇಕಾಗಿರುವ ಅನುಭವ ಯಾವುದಾದರೂ ಇದ್ದರೆ ಅದನ್ನು ಕೊಡು ಎಂದು ಬೇಡಿಕೊಳ್ಳುತ್ತಾನೆ. ದೇವರು ಕೊಡುತ್ತಾನೆ: ಸೋಲು. ಪಂದ್ಯ ಮುಗಿದ ಮೇಲೆ ಹಾದಿಯಲ್ಲಿ ಕುಸಿದು ಅಳುವ ಆ ಹುಡುಗನನ್ನು ಕಂಡಾಗ, ಅಷ್ಟು ಹೊತ್ತು ನಮ್ಮವರು ಗೆಲ್ಲಲಿ ಎಂದು ಮುಷ್ಟಿ ಬಿಗಿದುಕೊಂಡಿದ್ದ ನನ್ನ ಕೈ ಸಡಿಲವಾಯಿತು.

ಮತ್ತೆ ಅಪೊಲೊ. 1982ರ ‘ರಾಕಿ 3’ರಲ್ಲಿ ಸೋತು ಸುಣ್ಣವಾದ ರಾಕಿಗೆ ತರಬೇತಿ ಕೊಡುವವನು ಈ ಹಳೆಯ ಎದುರಾಳಿಯೇ, ತನ್ನ ಚಡ್ಡಿಯನ್ನೂ ಅವನಿಗೇ ಕೊಡುತ್ತಾನೆ. ಪ್ರತಿಯಾಗಿ ಕೇಳುವುದು ಒಂದೇ ಉಪಕಾರ. ಕೊನೆಯ ದೃಶ್ಯದಲ್ಲಿ ಅದೇನೆಂದು ತಿಳಿಯುತ್ತದೆ. ಖಾಲಿ ಜಿಮ್, ತೀರ್ಪುಗಾರರಿಲ್ಲ, ಪ್ರೇಕ್ಷಕರಿಲ್ಲ, ಇಬ್ಬರೇ ಇನ್ನೊಮ್ಮೆ ಕಾದಬೇಕು. ಇಬ್ಬರೂ ಒಮ್ಮೆಗೇ ಕೈ ಬೀಸುತ್ತಾರೆ, ಚಿತ್ರ ಅಲ್ಲಿಗೇ ನಿಂತು ವರ್ಣಚಿತ್ರವಾಗುತ್ತದೆ. ಯಾರು ಗೆದ್ದರೆಂದು ತಿಳಿಯುವುದಿಲ್ಲ. ಮುಂದಿನ ಚಿತ್ರದಲ್ಲಿ ಸೋವಿಯತ್ ಬಾಕ್ಸರ್ ಇವಾನ್ ಡ್ರಾಗೊನ ಏಟಿಗೆ ಅಪೊಲೊ ಸಾಯುತ್ತಾನೆ. ಟವೆಲ್ ಎಸೆದು ಕಾಳಗ ನಿಲ್ಲಿಸಬಹುದಾಗಿದ್ದ ರಾಕಿ ಎಸೆಯುವುದಿಲ್ಲ. 2018ರ ‘ಕ್ರೀಡ್ 2’ರಲ್ಲಿ ಅದೇ ಡ್ರಾಗೊ, ಒಂದು ಕಾಲದಲ್ಲಿ ಯಂತ್ರದಂತಿದ್ದವನು, ಏಟು ತಿನ್ನುತ್ತಿರುವ ತನ್ನ ಮಗನಿಗಾಗಿ ಟವೆಲ್ ಎಸೆಯುತ್ತಾನೆ.

ಆದರೆ ನನಗೆ ಹೇಳಬೇಕಿದ್ದದ್ದು 2015ರ ‘ಕ್ರೀಡ್’ನ ಒಂದು ಪುಟ್ಟ ಮಾತು. ಅಪೊಲೊನ ಮಗ ಅಡೋನಿಸ್ ರಾಕಿಯನ್ನು ಹುಡುಕಿಕೊಂಡು ಬಂದು, ಆ ಮೂರನೆಯ ಗುಟ್ಟಿನ ಕಾಳಗದಲ್ಲಿ ಗೆದ್ದವರು ಯಾರೆಂದು ಕೇಳುತ್ತಾನೆ. ನೋಡಿದವರು ಯಾರೂ ಇಲ್ಲ, ಇನ್ನೊಬ್ಬ ಬದುಕಿಲ್ಲ. ಏನು ಹೇಳಿದರೂ ನಡೆಯುತ್ತದೆ. ಮುದುಕ ರಾಕಿ ಹೇಳುತ್ತಾನೆ: ಅವನೇ.