ಟ್ಯಾಂಕಿನ ತಳದ ನೀರು

ರೈತ ಬಾಂಧವರಿಗೆ ನಮಸ್ಕಾರ. ಹಿಂಗಾರಿ ಬಿತ್ತನೆಯ ಹೊತ್ತು. ಕಡಲೆ, ಬಿಳಿಜೋಳಕ್ಕೆ ಎರೆ ಹೊಲ ಹದಕ್ಕೆ ಬಂದಿದೆ. ಈಗ ಟ್ರ್ಯಾಕ್ಟರ್ ಕೆಟ್ಟು ನಿಂತರೆ ಹದ ನಿಮಗಾಗಿ ಕಾಯುವುದಿಲ್ಲ. ನಾನು ಹೇಳಲು ಬಂದಿರುವುದು ಒಂದೇ ಮಾತು: ಬೆಳಿಗ್ಗೆ ಚಾವಿ ತಿರುಗಿಸುವ ಮೊದಲು ಡೀಸೆಲ್ ಟ್ಯಾಂಕಿನ ತಳದಲ್ಲಿ ನಿಂತ ನೀರನ್ನು ಹೊರಗೆ ಬಿಡಿ.

1 ಲೀಟರ್ ನೀರು 1 ಕಿಲೋ ತೂಗುತ್ತದೆ, ಅಷ್ಟೇ ಡೀಸೆಲ್ ಸುಮಾರು 830 ಗ್ರಾಂ. ಹಾಗಾಗಿ ರಾತ್ರಿ ನಿಂತ ಗಾಡಿಯಲ್ಲಿ ನೀರು ತಳಕ್ಕೆ ಇಳಿದಿರುತ್ತದೆ. ಚಾಲೂ ಮಾಡಿ ಕುಲುಕಾಡಿಸಿದರೆ ಮತ್ತೆ ಬೆರೆಯುತ್ತದೆ. ಅದಕ್ಕೇ ಚಾವಿ ಆಮೇಲೆ. ತಳದ ನಟ್ ಸಡಿಲಿಸಿ, ಬರಿ ಡೀಸೆಲ್ ಬರುವವರೆಗೆ ಬಿಡಿ. ಫಿಲ್ಟರ್ ಕೆಳಗಿನ ಬಟ್ಟಲಿಗೂ ಇದೇ ಕೆಲಸ.

ನವಲಗುಂದದ ಕಡೆ ಒಬ್ಬರ ಗಾಡಿ ಬಿತ್ತುವಾಗಲೇ ಬಿಳಿ ಹೊಗೆ ಉಗುಳಿ ನಿಂತಿತು. "ಡೀಸೆಲ್ ಪಂಪ್ ಹೋಗೈತ್ರಿ ಸಾಹೇಬ್ರ, ಹುಬ್ಬಳ್ಳಿಗೆ ಒಯ್ಯಬೇಕು" ಅಂದರು. ಸ್ವಲ್ಪ ತಡೀರಿ ಅಂತ ಹೇಳಿ, ತಳದ ಡೀಸೆಲ್ಲನ್ನು ಗಾಜಿನ ಬಾಟಲಿಗೆ ಹಿಡಿದು ಇಟ್ಟೆವು. ಸ್ವಲ್ಪ ಹೊತ್ತಿಗೆ ಕೆಳಗೆ ನೀರು, ಮೇಲೆ ಡೀಸೆಲ್. ಬಂಕಿನವರ ಮೇಲೆ ಬೈಗುಳ ಶುರುವಾಯಿತು! ನನ್ನ ಕಣ್ಣು ಮಾತ್ರ ಅಂಗಳದ ಡೀಸೆಲ್ ಬ್ಯಾರಲ್ ಮೇಲಿತ್ತು. ನೆಟ್ಟಗೆ ನಿಲ್ಲಿಸಿದ್ದರು. ಮೇಲಿನ ಅಂಚಿನೊಳಗೆ ಮಳೆನೀರು, ಅದರಲ್ಲಿ ಮುಚ್ಚಳ ಮುಳುಗಿತ್ತು. "ಮುಚ್ಚಳ ಬಿಗಿ ಐತಲ್ರಿ" ಅಂದರು. ಬಿಗಿ ಇದ್ದರೂ ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಹೊರಗೆ ಹೋಗುತ್ತದೆ. ರಾತ್ರಿ ತಂಪಾದಾಗ ಬ್ಯಾರಲ್ ಒಳಗೆಳೆದುಕೊಳ್ಳುತ್ತದೆ. ಆಗ ಮುಚ್ಚಳದ ಮೇಲೆ ನಿಂತ ನೀರೂ ಮುಚ್ಚಳದ ತಿರುಪಿನ ಸಂದಿಯಿಂದ ಒಳಗೆ! ಯಾರೂ ನೀರು ಬೆರೆಸಿರಲಿಲ್ಲ. ಪಂಪ್ ಬಿಚ್ಚಿದ್ದರೆ ಸುಮ್ನೆ ಸಾವಿರಾರು ರೂಪಾಯಿ ಹೋಗುತ್ತಿತ್ತು, ಹದವೂ ಹೋಗುತ್ತಿತ್ತು. ಬ್ಯಾರಲ್ಲನ್ನು ನೆರಳಲ್ಲಿ, ಸೂರಿನ ಕೆಳಗೆ ಇಡಿ. ಆಗದಿದ್ದರೆ ಮುಚ್ಚಳದ ಹತ್ತಿರ ನೀರು ನಿಲ್ಲದ ಹಾಗೆ ವಾರೆ ಮಾಡಿ.

ನನಗೆ ಕೊಟ್ಟ ಸಮಯ ಮುಗಿಯುತ್ತ ಬಂತು, ಬೇಗ ಹೇಳುತ್ತೇನೆ. ಸಂಜೆ ಕೆಲಸ ಮುಗಿದ ಮೇಲೆ ಟ್ಯಾಂಕ್ ತುಂಬಿಸಿ. ಅರ್ಧ ಖಾಲಿ ಇದ್ದರೆ ರಾತ್ರಿ ತಂಪಿಗೆ ಒಳಗೇ ಬೆವರುತ್ತದೆ. ಸೀಮೆಎಣ್ಣೆ ಬೆರೆಸಬೇಡಿ, ಪಂಪು ಸವೆಯದಂತೆ ಕಾಯುವುದು ಡೀಸೆಲ್ಲಿನ ಜಿಡ್ಡು. ಫಿಲ್ಟರ್ ಬದಲಿಸಿದ ಮೇಲೆ ಏರ್, ಅಂದರೆ ಡೀಸೆಲ್ ಪೈಪಿನಲ್ಲಿ ಸೇರಿಕೊಂಡ ಗಾಳಿ, ತೆಗೆಯಿರಿ. ಕಪ್ಪು ಲೋಳೆ ಕಂಡರೆ ಟ್ಯಾಂಕ್ ತೊಳೆಸಲೇಬೇಕು, ನೀರಿದ್ದಲ್ಲೇ ಅದು ಬೆಳೆಯುವುದು. ಎಷ್ಟು ಸಲ ಹೇಳಿದರೂ ಮೊದಲು ಚಾವಿಗೇ ಕೈ ಹಾಕುತ್ತೀರಿ, ಅಲ್ವಾ? ಮೊದಲು ನೀರು ಬಿಡಿ ಅಂತೀನಿ! ಬಿಟ್ಟದ್ದನ್ನು ಡಬ್ಬಿಯಲ್ಲಿ ಹಿಡಿಯಿರಿ, ಬಾವಿ ಹತ್ತಿರ ಚೆಲ್ಲಬೇಡಿ. ನಮಸ್ಕಾರ.