ಹೆಡ್‌ಮಾಸ್ಟ್ರ ಪ್ರತಿಮೆ ಸರ್ಕಲ್‌ನಲ್ಲಿ ಬೇಡ, ಸ್ಕೂಲಲ್ಲಿ ಇರಲಿ

ನಮಸ್ಕಾರ. ಮಂಡ್ಯ ಜಿಲ್ಲೆಯ ನಮ್ಮ ಪುಟ್ಟ ಊರಲ್ಲಿ ಈಗ ಒಂದೇ ಮಾತು. ತೀರಿಹೋದ ನಮ್ಮ ಹೈಸ್ಕೂಲ್ ಹೆಡ್‌ಮಾಸ್ಟ್ರಿಗೆ ಪ್ರತಿಮೆ ಮಾಡಿಸಬೇಕು, ಅದೂ ಬಸ್ ಸ್ಟ್ಯಾಂಡ್ ಸರ್ಕಲ್‌ನಲ್ಲೇ ನಿಲ್ಲಿಸಬೇಕು ಅಂತ ಹಳೇ ವಿದ್ಯಾರ್ಥಿಗಳು ಹಟ ಹಿಡಿದಿದ್ದಾರೆ. ಪ್ರತಿಮೆ ಆಗಲೇಬೇಕು. ನಾನೂ ದುಡ್ಡು ಕೊಡುತ್ತೇನೆ. ಆದರೆ ಸರ್ಕಲ್ ಬೇಡ.

"ಮೇಷ್ಟ್ರಿಗೆ ಯಾಕಪ್ಪಾ ಪ್ರತಿಮೆ, ಆ ದುಡ್ಡಲ್ಲಿ ಶೌಚಾಲಯ ಕಟ್ಸಿ" ಅನ್ನುವವರೂ ಇದ್ದಾರೆ. ಶೌಚಾಲಯ ಸರ್ಕಾರ ಮಾಡಬೇಕಾದ ಕೆಲಸ, ಅದನ್ನು ಜಗಳ ಆಡಿಯಾದರೂ ಮಾಡಿಸೋಣ. ಮೇಷ್ಟ್ರ ಋಣ ನಮ್ಮದು.

ಎಂಥ ಋಣ ಅಂತೀರಾ? ಕಬ್ಬು ಕಡಿಯುವ ಕಾಲ ಬಂದರೆ ಹತ್ತನೇ ಕ್ಲಾಸಿನ ಹಿಂದಿನ ಬೆಂಚುಗಳು ಖಾಲಿ. ಹುಡುಗರೆಲ್ಲ ಆಲೆಮನೆಯಲ್ಲಿ. ಇವರು ಸೈಕಲ್ ಹತ್ತಿ ಅಲ್ಲಿಗೇ ಹೋಗುತ್ತಿದ್ದರು. ಬೈಯುತ್ತಿರಲಿಲ್ಲ. ಕೊಪ್ಪರಿಗೆ ಪಕ್ಕ ನಿಂತು, "ಬೆಳಿಗ್ಗೆ ಸ್ಕೂಲಿಗೆ ಕಳ್ಸಿ ಗೌಡ್ರೇ, ಸಂಜೆ ನಿಮ್ ಜೊತೆಗೇ ಇರ್ಲಿ" ಅನ್ನುತ್ತಿದ್ದರು. ಒಲೆಗೆ ಕಬ್ಬಿನ ಸಿಪ್ಪೆ ಹಾಕುತ್ತಿದ್ದ ಹುಡುಗನ ಕೈ ತೊಳೆಸಿ, ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಬರುತ್ತಿದ್ದರು. ಹಾಗೆ ಬಂದವರಲ್ಲಿ ಇವತ್ತು ಮೇಷ್ಟ್ರಾಗಿರುವವರೂ ಇದ್ದಾರೆ.

ಇಂಥವರನ್ನು ಸರ್ಕಲ್‌ನಲ್ಲಿ ನಿಲ್ಲಿಸಿ ಏನು ಮಾಡೋಣ? ರಸ್ತೆ, ಫುಟ್‌ಪಾತ್‌ಗಳಲ್ಲಿ ಹೊಸ ಪ್ರತಿಮೆಗೆ ಅನುಮತಿ ಕೊಡಬಾರದು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ರಾಜ್ಯ ಸರ್ಕಾರಗಳಿಗೆ ಹೇಳಿದೆ. ರಾತ್ರೋರಾತ್ರಿ ಪೀಠ ಕಟ್ಟಿ, ಬೆಳಿಗ್ಗೆ ಪೊಲೀಸರು ಬಂದು, ಮೇಷ್ಟ್ರ ಹೆಸರಲ್ಲಿ ಗಲಾಟೆ ಆಗಬೇಕಾ? ಮೈಸೂರಿನ ಕೆ.ಆರ್. ಸರ್ಕಲ್‌ನಲ್ಲಿ ನಾಲ್ವಡಿಯವರು ನಿಂತಿದ್ದಾರೆ. ಮಹಾರಾಜರಿಗೆ ಆ ಎತ್ತರ ಸರಿ, ದೂರದಿಂದಲೇ ಕೈ ಮುಗಿಯಬಹುದು. ನಮ್ಮ ಮೇಷ್ಟ್ರು ಮಕ್ಕಳ ಪಕ್ಕ ಇದ್ದವರು. ಸ್ಕೂಲಿನ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯನ್ನೂ ಶಿಕ್ಷಣ ಇಲಾಖೆಯನ್ನೂ ಕೇಳಿ, ಸ್ಕೂಲ್ ಅಂಗಳದ ಹೊಂಗೆ ಮರದ ಕೆಳಗೆ ಕೂರಿಸೋಣ. ಹೌದು, ಕೂತ ಪ್ರತಿಮೆ. ಎಂಟನೇ ಕ್ಲಾಸಿನ ಮಗು ಪಕ್ಕದಲ್ಲಿ ಕೂತು ಊಟ ಮಾಡುವಷ್ಟು ಎತ್ತರ ಸಾಕು.

ಚಿನ್ನದ ಬಣ್ಣ ಬಳಿದ ಫೈಬರ್ ಬೊಂಬೆ ಮಾತ್ರ ದಯವಿಟ್ಟು ಬೇಡ. ಅಯೋಧ್ಯೆಯ ಬಾಲರಾಮನನ್ನು ಕೆತ್ತಿದ ಅರುಣ್ ಯೋಗಿರಾಜ್ ಮೈಸೂರಿನವರು. ಅಂಥ ಕಸುಬು ಪಕ್ಕದ ಊರಲ್ಲೇ ಇದೆ. ಸೋಮನಾಥಪುರದ ಶಿಲ್ಪಗಳನ್ನು 13ನೇ ಶತಮಾನದಲ್ಲಿ ಕೆತ್ತಿದ್ದು ಬಳಪದ ಕಲ್ಲಿನಲ್ಲಿ. ಮೇಷ್ಟ್ರಿಗೆ ಅದಕ್ಕಿಂತ ಒಪ್ಪುವ ಕಲ್ಲು ಯಾವುದಿದೆ ಹೇಳಿ?

ದುಡ್ಡಿಗಾಗಿ ಯಾವ ರಾಜಕಾರಣಿಯ ಹತ್ತಿರವೂ ಹೋಗೋದು ಬೇಡ. 1921ರಲ್ಲಿ ರಾಧಾಕೃಷ್ಣನ್ ಅವರು ಮೈಸೂರು ಬಿಟ್ಟು ಕಲ್ಕತ್ತಾಗೆ ಹೊರಟಾಗ, ಹೂವಿನ ಸಾರೋಟನ್ನು ರೈಲ್ವೆ ಸ್ಟೇಷನ್‌ವರೆಗೂ ಎಳೆದದ್ದು ಕುದುರೆಗಳಲ್ಲ, ವಿದ್ಯಾರ್ಥಿಗಳು. ನಾವೂ ನಮ್ಮ ಕೈಯಿಂದಲೇ ಮಾಡೋಣ. ನೂರು ರೂಪಾಯಿ ಕೊಟ್ಟವರೂ, ಲಕ್ಷ ಕೊಟ್ಟವರೂ ಒಂದೇ. ಕಲ್ಲಿನ ಮೇಲೆ ಯಾರ ಹೆಸರೂ ಬೇಡ. ಬಿರುದು ಗಿರುದೂ ಬೇಡ. ಮೇಷ್ಟ್ರ ಹೆಸರು, ಕೆಳಗೆ "ಆಲೆಮನೆಗಳಿಗೆ ಹೋಗಿ ಮಕ್ಕಳನ್ನು ಸ್ಕೂಲಿಗೆ ಕರೆತಂದರು" ಅಂತ ಒಂದು ಸಾಲು.

ಭಾನುವಾರ ಸಭೆ ಇದೆ, ಎಲ್ಲರೂ ಬನ್ನಿ. ಮನೆಯಲ್ಲಿ ಅವರ ಫೋಟೋ ಇದ್ದರೆ ತನ್ನಿ. ಗ್ರೂಪ್ ಫೋಟೋಗಳಲ್ಲಿ ಎಲ್ಲಾ ಎದುರಿಗೇ ಕೂತಿದ್ದಾರೆ. ಶಿಲ್ಪಿಗೆ ಪಕ್ಕದಿಂದ ಮುಖ ಕಾಣುವ ಫೋಟೋ ಒಂದಾದರೂ ಬೇಕು.